ಸಿಗ್ನಲ್‌ನಲ್ಲಿ ಆಫ್ ಆಗುವ ಚೇತಕ್

ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆಗಳ ಗೇಟಿನೊಳಗೆ ಇನ್ನೂ ಒಂದೊಂದು ಬಜಾಜ್ ಚೇತಕ್ ನಿಂತಿರುತ್ತೆ. ಬೆಳಿಗ್ಗೆ ಪಕ್ಕಕ್ಕೆ ವಾಲಿಸೋದು, ಕಿಕ್ ಮೇಲೆ ಕಿಕ್. ಹೇಗೋ ಸ್ಟಾರ್ಟ್ ಆದರೆ ಬುಲ್ ಟೆಂಪಲ್ ರಸ್ತೆಯ ಏರನ್ನು ಸಲೀಸಾಗಿ ಹತ್ತುತ್ತೆ. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಠುಸ್!

ಓಡುವಾಗ ಸರಿ, ನಿಂತಾಗ ಕೈಕೊಡುತ್ತೆ ಅಂದರೆ ನನ್ನ ಮೊದಲ ಅನುಮಾನ ಕಾರ್ಬುರೇಟರಿನ ಪೈಲಟ್ ಜೆಟ್ ಮೇಲೆ. ವೇಗದಲ್ಲಿ ಪೆಟ್ರೋಲ್ ಕೊಡೋದು ಮೇನ್ ಜೆಟ್. ಐಡ್ಲಿಂಗಿಗೆ ಮಾತ್ರ ಈ ಪುಟ್ಟ ಜೆಟ್ಟೇ ಗತಿ, ಅದರ ತೂತೋ ಸೂಜಿಮೊನೆಯಷ್ಟು. ಗಾಡಿ ವಾರಗಟ್ಟಲೆ ನಿಂತರೆ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೇರೆ, ಅದು ತೇವ ಹೀರುತ್ತೆ. ಕಟ್ಟಿಕೊಳ್ಳೋಕೆ ಇನ್ನೇನು ಬೇಕು? ಐಡ್ಲಿಂಗ್ ಸ್ಕ್ರೂ ತಿರುಗಿಸಿ ಸದ್ದು ಏರಿಸೋದು ರೋಗ ಮುಚ್ಚಿಡುವ ಉಪಾಯ, ಅಷ್ಟೇ.

ಕಾರ್ಬುರೇಟರಿಗೆ ಕೈ ಹಾಕುವ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರ್ತಿದೆ, ಕಿಡಿ ಇಲ್ಲ ಅಥವಾ ಚೋಕ್ ಎಳೆದಿದ್ದು ಹೆಚ್ಚಾಯ್ತು. ಒಣಗಿದ್ದರೆ ಪೆಟ್ರೋಲೇ ತಲುಪ್ತಿಲ್ಲ. ಕಪ್ಪು ಮಸಿ ಇದ್ದರೆ ಏರ್ ಫಿಲ್ಟರ್ ನೋಡಿ, ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಧಾರಾಳವಾಯಿತೇ ಅಂತಲೂ ಕೇಳಿಕೊಳ್ಳಿ. ಹೊಸ ಪ್ಲಗ್, ಜೆಟ್ ಬೇಕಾದರೆ ಜೆ.ಸಿ. ರಸ್ತೆ ಹತ್ತಿರದಲ್ಲೇ ಇದೆ.

2020ರ ಏಪ್ರಿಲ್‌ನ ಬಿಎಸ್-6 ನಿಯಮದ ನಂತರ ಹೊಸ ಸ್ಕೂಟರ್‌ಗಳಿಗೆ ಫ್ಯುಯಲ್ ಇಂಜೆಕ್ಷನ್ ಬಂತು. ಅದೇ ವರ್ಷ ಚೇತಕ್ಕೇ ಎಲೆಕ್ಟ್ರಿಕ್ ಆಗಿ ಮೊದಲು ಪುಣೆ, ಬೆಂಗಳೂರಿಗೆ ಬಂತು. ಅದನ್ನು ಯಾರೂ ವಾಲಿಸೋದಿಲ್ಲ.