ಕೇದಾರದ ಹಿಮದ ದಾರಿ

ಮಕ್ಕಳೇ, ಮೇ ತಿಂಗಳಲ್ಲಿ ನಮ್ಮ ಹುಕ್ಕೇರಿಯ ಬಿಸಿಲು ಬಿಟ್ಟು ಮೊಮ್ಮಗನೊಡನೆ ಕೇದಾರನಾಥಕ್ಕೆ ಹೋಗಿದ್ದೆ. ಗುಡಿ ಇರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ. ಚಳಿಗಾಲದ ಆರು ತಿಂಗಳು ಹಿಮದಿಂದಾಗಿ ಬಾಗಿಲು ಮುಚ್ಚಿರುತ್ತದೆ.

ಗೌರಿಕುಂಡದಿಂದ ನಡೆದು ಹೊರಟೆವು. 2013ರ ಪ್ರವಾಹದಲ್ಲಿ ಹಳೆಯ ದಾರಿ ಕೊಚ್ಚಿಹೋಗಿ, ಈಗಿನದು ಲಿಂಚೋಲಿಯ ಮೇಲೆ ಹಾಯುತ್ತದೆ. ಅಲ್ಲಿ ಹಿಮ ಕಡಿದು ದಾರಿ ಮಾಡಿದ್ದರು. ಪಕ್ಕದಲ್ಲಿ ಆಳೆತ್ತರದ ಬಿಳಿ ಗೋಡೆ. ಮಧ್ಯಾಹ್ನ ಹಿಮ ಕರಗಿ ಕಾಲಡಿ ಬರೀ ಜಾರಿಕೆ. ನನಗೆ ಏದುಸಿರು. ಮೋಡವೂ ಕವಿಯಿತು.

“ಇನ್ನ ಸ್ವಲ್ಪ ಐತಿ, ನಡಿ ಅಜ್ಜಾ.”

“ಇವತ್ತ ಬ್ಯಾಡಪಾ.”

ಡೇರೆಯಲ್ಲಿ ಉಳಿದೆವು. ಅವನು ಮುನಿಸಿಕೊಂಡ. ರಾತ್ರಿಯೆಲ್ಲ ಹಿಮ ಸುರಿಯಿತು. ಬೆಳಿಗ್ಗೆ ದಾರಿ ತೆರವಾದ ಮೇಲೆ ನಿಧಾನವಾಗಿ ಹತ್ತಿ ದರ್ಶನ ಪಡೆದೆವು.

ಇಳಿಯುವಾಗ ಅವನೇ ನನ್ನ ಕೈ ಹಿಡಿದ. “ಸಾವಕಾಶ ಅಜ್ಜಾ,” ಎಂದ.