ಲಾಭ, ಎರಡು, ಮೂರು...

ನೂರು ಎಂಬುದು ನಮ್ಮಂಥ ಕಾಲೇಜು ಹುಡುಗರಿಗೆ ದೂರದ ಬೆಟ್ಟ. ನಲವತ್ತರ ಗೆರೆ ಹೇಗೋ ದಾಟಿಸಪ್ಪಾ ಎಂದು ದೇವರಿಗೆ ತೆಂಗಿನಕಾಯಿ ಹೇಳಿಕೊಳ್ಳುವ ಜಾತಿ ನಮ್ಮದು. ಆದರೆ ಈಗ ಐದು ವರ್ಷದ ಮಕ್ಕಳಿಗೇ ನೂರು ಕಡ್ಡಾಯವಾಗಿಬಿಟ್ಟಿದೆ. ಮನೆಯಲ್ಲಿ ಶಿಶುವರ್ಗಕ್ಕೆ ಹೋಗುವ ಮಗುವಿದ್ದವರಿಗೆ ಆ ಚೀಟಿಯ ಪರಿಚಯ ಇದ್ದೇ ಇರುತ್ತದೆ: ಯಾವುದಾದರೂ ನೂರು ವಸ್ತುಗಳನ್ನು ಎಣಿಸಿ, 'ಕ್ರಿಯೇಟಿವ್' ಆಗಿ ಜೋಡಿಸಿ, ಸೋಮವಾರ ತರತಕ್ಕದ್ದು. ಮಗು ಇಲ್ಲದವರು ಪುಣ್ಯವಂತರು. ಆದರೂ ಓದಿಡಿ, ನಾಳೆಗೆ ಬೇಕಾದೀತು.

ಇದು ಅಮೆರಿಕದಿಂದ ಬಂದ ಪದ್ಧತಿ. ಅಲ್ಲಿಯ ಚಿಕ್ಕ ತರಗತಿಗಳಲ್ಲಿ ಶಾಲೆ ಶುರುವಾದ ದಿನದಿಂದ ದಿನಕ್ಕೊಂದು ಕಡ್ಡಿ ತೆಗೆದಿಡುತ್ತಾರೆ. ಹತ್ತಾದ ಕೂಡಲೇ ರಬ್ಬರ್ ಹಾಕಿ ಕಟ್ಟು. ಹತ್ತು ಕಟ್ಟಾದ ದಿನ ಹಬ್ಬ. ಮಕ್ಕಳು ಮನೆಯಿಂದ ನೂರು ನೂರು ಸಾಮಾನು ತಂದು ಮೆರೆಸುತ್ತಾರೆ. ಅಲ್ಲಿ ಆ ನೂರನೆಯ ದಿನ ಬರುವುದು ಸುಮಾರು ಫೆಬ್ರವರಿಯಲ್ಲಿ. ನಮ್ಮಲ್ಲಿ ಕೆಲವು ಶಾಲೆಗಳು ಕಡ್ಡಿಯನ್ನು ಬಿಟ್ಟು ಹಬ್ಬವನ್ನು ಮಾತ್ರ ಎತ್ತಿಕೊಂಡಿವೆ. ನೂರು ದಿನ ಕಾದ ಮೇಲಿನ ನೂರಕ್ಕೂ, ಶುಕ್ರವಾರ ಚೀಟಿ ಬಂದು ಸೋಮವಾರ ಮುಗಿಯಬೇಕಾದ ನೂರಕ್ಕೂ ವ್ಯತ್ಯಾಸ ಇಲ್ಲವೆ ಎಂದು ನಾನು ಅಕ್ಕನನ್ನು ಕೇಳಿದೆ. "ಪ್ರಶ್ನೆ ಕೇಳ್ಬೇಡ, ಮಾಡಿಕೊಡು. ನಿಂದು ಕನ್ನಡ ಬಿ.ಎ. ಅಲ್ವಾ, ಬಿಡುವಿರ್ತದೆ" ಎಂದಳು. ಈ ಸಂಘದ ಸದಸ್ಯರೆಲ್ಲ ಮನೆಯಲ್ಲಿ ಕೇಳುವ ಮಾತೇ ಇದು. ಹೆಚ್ಚು ಬೆಳೆಸುವುದಿಲ್ಲ.

ಅಕ್ಕನ ಮೊದಲ ಉಪಾಯ ಅಂಗಡಿಯದು. ಡೊಂಬಿವಲಿ ಸ್ಟೇಷನ್ನಿನ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಮಿಂಚುವ ನಕ್ಷತ್ರಗಳ ಪ್ಯಾಕೆಟ್ ಸಿಗುತ್ತದೆ, ಮೇಲೆ 'ನೂರು ತುಂಡು' ಎಂದು ಅಚ್ಚಾಗಿರುತ್ತದೆ, ತಂದು ಅಂಟಿಸಿದರೆ ಮುಗಿಯಿತು. ನನಗೆ ಒಪ್ಪಿಗೆಯಾಗಲಿಲ್ಲ. ಎಣಿಸಿದ್ದು ಕಾರ್ಖಾನೆಯ ಯಂತ್ರ, ಅಂಟಿಸುವುದು ಅಕ್ಕ, ಅಂಕ ಮಾತ್ರ ಮಗುವಿಗೆ. ಭಾವನ ಉಪಾಯ ಟಿಕಲಿಯಲ್ಲಿ ನವಿಲು. ಚಂದವೇನೋ ಹೌದು, ಆದರೆ ನವಿಲಿನ ಬಾಲದಲ್ಲಿ ಸುತ್ತಿ ಸುತ್ತಿ ಕುಳಿತ ಟಿಕಲಿಗಳನ್ನು ದೊಡ್ಡವರೂ ಎಣಿಸಲಾರರು. ಅಪ್ಪ ಹೋಟೆಲಿನಿಂದ ಸೋಡಾ ಮುಚ್ಚಳ ತರುತ್ತೇನೆಂದರು, ಅಂಚು ಚೂಪು. ಗುಂಡಿ, ಮಣಿ ಎಂದರೆ ಪಕ್ಕದ ಮನೆಯ ಒಂದೂವರೆ ವರ್ಷದ ಪೋರ ಸಿಕ್ಕಿದ್ದನ್ನೆಲ್ಲ ನುಂಗುವವನು. ಊರಿನ ಗುಲಗಂಜಿ ಇದ್ದರೆ ಕೆಂಪು ಕಪ್ಪು ಎಷ್ಟು ಲಾಯ್ಕ ಎಂದು ನಾನೇ ಹೇಳಹೊರಟೆ. ಆದರೆ ಗುಲಗಂಜಿ ಬೀಜದೊಳಗಿರುವುದು ಭಯಂಕರ ವಿಷ, ಜಗಿದರೆ ಜೀವಕ್ಕೇ ಸಂಚಕಾರ. ಮಕ್ಕಳ ಕೈಗೆ ಕೊಡಲೇಬಾರದು. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದು ಕಾಲಕ್ಕೆ ಅದಕ್ಕೆ ಮರ್ಯಾದೆ ಇತ್ತು, ಅಲ್ಲೇ ಇರಲಿ.

ಅಜ್ಜಿ ಹೇಳಿದ್ದು ಮಲ್ಲಿಗೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆಯ ಶಂಕರಪುರದ ಮಲ್ಲಿಗೆ, ಈಗ ಭೌಗೋಳಿಕ ಗುರುತಿನ ಪಟ್ಟಿಯಲ್ಲಿ 'ಉಡುಪಿ ಮಲ್ಲಿಗೆ' ಎಂದಾಗಿರುವುದು, ಮಾರಾಟವಾಗುವುದೇ ಎಣಿಕೆಯಲ್ಲಿ. ಸುಮಾರು ೮೦೦ ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯೊಂದಕ್ಕೆ ೩೨೦೦ ಹೂವಾಯಿತು. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟುವ ಹೆಂಗಸರ ಬೆರಳು ಇದನ್ನೆಲ್ಲ ಬಾಯಿಯ ಸಹಾಯವಿಲ್ಲದೆ ಎಣಿಸುತ್ತದೆ. ಪುಟ್ಟಿಗೆ ಬೇಕಾದ ನೂರು ಎಂದರೆ ಚೆಂಡಿನ ಎಂಟನೇ ಒಂದು ಪಾಲು. ಹತ್ತು ಹೂವಿಗೊಂದು ಅಬ್ಬಲಿಗೆ ಸೇರಿಸಿ ಕಟ್ಟಿದರೆ ಹತ್ತರ ಲೆಕ್ಕ ತಾನಾಗಿ ಕಾಣುತ್ತದೆ ಎಂಬುದು ಅಜ್ಜಿಯ ಯೋಚನೆ. ಬಂದ ಉಪಾಯಗಳಲ್ಲೆಲ್ಲ ನನಗೆ ಮೆಚ್ಚಾದದ್ದು ಇದೇ. ಆದರೆ ಶಾಲೆಯವರು ವಾರಪೂರ್ತಿ ಗೋಡೆಗೆ ತೂಗುಹಾಕುತ್ತಾರಂತೆ. ಮುಂಬಯಿಯ ಸೆಕೆಗೆ ಮಲ್ಲಿಗೆ ಮಂಗಳವಾರದ ತನಕವೂ ತಾಳಲಾರದು.

ಕೊನೆಗೆ ಅಜ್ಜಿಯ ಹಾರ್ಲಿಕ್ಸ್ ಬಾಟಲಿ ಹೊರಗೆ ಬಂತು. ಅದರ ತುಂಬ ಹುಣಿಸೆ ಬೀಜ. ಕುಂದಾಪುರದ ಮನೆಗೆ ಬೀಗ ಹಾಕಿ ಮೂರು ವರ್ಷದ ಹಿಂದೆ ಇಲ್ಲಿಗೆ ಬರುವಾಗ ಅಜ್ಜಿ ಚೆನ್ನೆಮಣೆಯನ್ನೂ ಕಟ್ಟಿಕೊಂಡು ಬಂದಿದ್ದರು. ಏಳೇಳು ಗುಳಿಯ ಎರಡು ಸಾಲು, ಗುಳಿಗೆ ನಾಲ್ಕರಂತೆ ಐವತ್ತಾರು ಬೀಜ. ಆಡುವವರು ಯಾರೂ ಇಲ್ಲದೆ ಮಣೆ ಅಟ್ಟ ಸೇರಿತ್ತು. ಬೀಜ ಮಾತ್ರ ಬೇಕಾದ್ದಕ್ಕಿಂತ ಹೆಚ್ಚೇ ಉಳಿದಿತ್ತು. ಅಜ್ಜಿ ಬಾಟಲಿ ಕೊಟ್ಟರು, ಆದರೆ ಶರತ್ತಿನ ಮೇಲೆ: "ನನ್ನ ಬೀಜ ಇಂಗ್ಲಿಷಿನ ಲೆಕ್ಕಕ್ಕೆ ಸಿಕ್ಕುದಿಲ್ಲ. ಕನ್ನಡದಲ್ಲಿ ಎಣ್ಸಿದ್ರೆ ಕೊಡ್ತೆ."

ಇದು ತಮಾಷೆಯ ಮಾತಷ್ಟೇ ಆಗಿರಲಿಲ್ಲ. ಅಜ್ಜಿಗೂ ಪುಟ್ಟಿಗೂ ನಡುವೆ ಮಾತು ಕಡಿಮೆಯಾಗುತ್ತ ಬಂದಿತ್ತು. ಜಗಳವಿಲ್ಲ, ಮುನಿಸಿಲ್ಲ. ಪುಟ್ಟಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಅಜ್ಜಿಗೆ ಹಿಂದಿ ತರಕಾರಿಯವನಷ್ಟರ ಮಟ್ಟಿಗೆ ಮಾತ್ರ. ಹೀಗಾಗಿ ಇಬ್ಬರೂ ಟಿ.ವಿ. ಎದುರು ಸುಮ್ಮನೆ ಕೂರುವುದು ಹೆಚ್ಚಾಗಿತ್ತು. ಭಾಷೆ ಮನೆ ಬಿಟ್ಟು ಹೋಗುವಾಗ ಮೊದಲು ಗಂಟು ಕಟ್ಟುವುದು ಅಂಕಿಗಳೇ ಎಂದು ನನಗನಿಸುತ್ತದೆ. ಅಡುಗೆಯ ಶಬ್ದ, ಬೈಗುಳ, ನೆಂಟಸ್ತಿಕೆಯ ಹೆಸರು ಎಷ್ಟೋ ಕಾಲ ಉಳಿಯುತ್ತವೆ. ಅನುಮಾನವಿದ್ದರೆ ಪರೀಕ್ಷಿಸಿ ನೋಡಿ: ಈ ಪತ್ರಿಕೆ ಓದುವವರಲ್ಲಿ ಎಷ್ಟು ಮಂದಿ ತಮ್ಮ ಫೋನ್ ನಂಬರನ್ನು ತಡವರಿಸದೆ ಕನ್ನಡದಲ್ಲಿ ಹೇಳಿಯಾರು?

ಶನಿವಾರ ಮಧ್ಯಾಹ್ನ ಚಾಪೆ ಹಾಸಿ ಎಣಿಕೆ ಶುರುವಾಯಿತು. ಅಜ್ಜಿ ಮೊದಲ ಬೀಜ ಎತ್ತಿಟ್ಟು "ಲಾಭ" ಎಂದರು. ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಅಕ್ಕಿ ಭತ್ತ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುವ ಹಳೆಯ ರೂಢಿ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಪುಟ್ಟಿಗೆ ಗೊತ್ತಿಲ್ಲ. ಅವಳ ಪಾಲಿಗೆ ಕನ್ನಡದಲ್ಲಿ ಒಂದಕ್ಕೆ ಲಾಭ ಎನ್ನುವುದೆಂದೇ ಆಗಿಹೋಯಿತು. ತಿದ್ದಹೊರಟ ನನ್ನನ್ನು ಅಜ್ಜಿ ಕಣ್ಣಲ್ಲೇ ತಡೆದರು.

ಪುಟ್ಟ ಮಕ್ಕಳ ಎಣಿಕೆಯನ್ನು ಹತ್ತಿರ ಕುಳಿತು ನೋಡಿದ್ದೀರಾ? ಬಾಯಿ ಒಂದು ದಾರಿ, ಬೆರಳು ಒಂದು ದಾರಿ. "ಎ-ರ-ಡು" ಎನ್ನುವಷ್ಟರಲ್ಲಿ ಬೆರಳು ಮೂರು ಬೀಜ ಮುಟ್ಟಿಬಿಡುತ್ತದೆ, ಅಕ್ಷರಕ್ಕೊಂದು. ಸಾಲಾಗಿ ಹರಡಿಟ್ಟ ಹತ್ತು, ಒತ್ತೊತ್ತಾಗಿ ಇಟ್ಟ ಹತ್ತಕ್ಕಿಂತ ಹೆಚ್ಚು ಎಂದು ಸಾಧಿಸುತ್ತಾರೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಎಂಬ ಪಂಡಿತರು ಇಂಥದನ್ನೇ ಮಕ್ಕಳೆದುರು ಕುಳಿತು ಕೇಳಿ ಕೇಳಿ ದೊಡ್ಡ ಗ್ರಂಥ ಬರೆದರು. ಅಜ್ಜಿಯ ಮದ್ದು ಸಣ್ಣದು: ಮುಟ್ಟಿ ಎಣಿಸಬೇಡ, ಎತ್ತಿ ಆಚೆ ಇಟ್ಟು ಎಣಿಸು. ಎತ್ತಿಟ್ಟದ್ದು ಮುಗಿದದ್ದು.

ಇಪ್ಪತ್ತೊಂಬತ್ತರ ತನಕ ರೈಲು ಸರಾಗ ಓಡಿತು. ಆಮೇಲೆ ಪುಟ್ಟಿ ಗಟ್ಟಿಯಾಗಿ, ಯಾವ ಅಳುಕೂ ಇಲ್ಲದೆ, "ಇಪ್ಪತ್ತಹತ್ತು" ಎಂದಳು. ಮುಂದೆ "ಇಪ್ಪತ್ತಹನ್ನೊಂದು". ಅಕ್ಕ ಅಡುಗೆಮನೆಯಿಂದಲೇ ನಕ್ಕಳು. ನನಗೆ ನಗು ಬರಲಿಲ್ಲ. ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಕಲಿಸಿದವರು ನಾವು. ಆ ಸೂತ್ರ ಹಿಡಿದು ಹೋದರೆ ಇಪ್ಪತ್ತಹತ್ತು ಅಲ್ಲದೆ ಇನ್ನೇನು? ಮಗು ಗಿಣಿಪಾಠ ಬಿಟ್ಟು ಸ್ವಂತ ಲೆಕ್ಕ ಹಾಕತೊಡಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ಅಂಕಿಗಳ ಹೊಟ್ಟೆಯೊಳಗೆ ಹತ್ತು ಕುಳಿತಿರುವುದನ್ನು ನಾನೂ ಸರಿಯಾಗಿ ಗಮನಿಸಿದ್ದು ಅಂದೇ. ಇಪ್ಪತ್ತು ಎಂದರೆ ಇರ್ಪತ್ತು, ಎರಡು ಹತ್ತು. ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಲ್ಲದರ ಬಾಲದಲ್ಲೂ ಅದೇ ಪತ್ತು. ತೊಂಬತ್ತು ಒಂದು ಸ್ವಲ್ಪ ಮುಖ ತಿರುಗಿಸಿ ನಿಂತಿದೆ, ಅಷ್ಟೆ. ಪುಟ್ಟಿಯ ಮರಾಠಿ ಗೆಳತಿಯರ ಕಷ್ಟ ನೋಡಿ: ಮೂವತ್ತಮೂರಕ್ಕೆ ತೇಹತ್ತೀಸ್, ಅರವತ್ತಮೂರಕ್ಕೆ ತ್ರೇಸಷ್ಟ, ಇಪ್ಪತ್ತೊಂಬತ್ತಕ್ಕೆ ಏಕೋಣತೀಸ್, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ನೂರರ ತನಕ ಬಹುಪಾಲು ಬಾಯಿಪಾಠವೇ. ೨೦೧೯ರಲ್ಲಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕ, ತ್ರೇಸಷ್ಟವನ್ನು 'ಸಾಠ ತೀನ್' ಎಂದೂ ಓದಬಹುದು ಎಂದು ದಾರಿ ತೋರಿಸಿತು. ಗಣಿತಜ್ಞೆ ಮಂಗಲಾ ನಾರ್ಳೀಕರ್ ಅದನ್ನು ಸಮರ್ಥಿಸಿಕೊಂಡರು. ಆದರೆ ಏನು ಗದ್ದಲ! ವಿಧಾನಸಭೆಯಲ್ಲೂ ಅದೇ ಚರ್ಚೆ. ಭಾಷೆಯ ಸೊಗಸು ಹೋಯಿತೆಂದು ಹಿರಿಯರು ನೊಂದುಕೊಂಡರು. ಅವರ ನೋವು ಸುಳ್ಳೆಂದು ನಾನು ಹೇಳುವುದಿಲ್ಲ, ನಮ್ಮ ತೊಂಬತ್ತನ್ನು ಯಾರಾದರೂ 'ಒಂಬತ್ತುಹತ್ತು' ಮಾಡಹೊರಟರೆ ನಾನೂ ಬೀದಿಗಿಳಿದೇನು. ಅವರು ಹುಡುಕುತ್ತಿದ್ದ ಸೌಲಭ್ಯ ನಮ್ಮ ಮನೆಯಲ್ಲಿ ಪುಕ್ಕಟೆ ಇತ್ತು, ಅದನ್ನು ನಾವು ಅಟ್ಟಕ್ಕೆ ಹಾಕಿದ್ದೆವು ಎಂಬುದಷ್ಟೇ ನನ್ನ ಬೇಸರ.

ಎಣಿಕೆಗೆ ಮರಳೋಣ. ನಲವತ್ತೇಳಕ್ಕೆ ಕುಕ್ಕರ್ ಸೀಟಿ ಹೊಡೆಯಿತು, ಲೆಕ್ಕ ತಪ್ಪಿತು. ಮತ್ತೆ ಲಾಭದಿಂದ. ಅರವತ್ತರ ಆಸುಪಾಸಿನಲ್ಲಿ ಪಕ್ಕದ ಮನೆಯ ಪೋರ ಬಂದು ಗುಪ್ಪೆಗೆ ಕೈ ಹಾಕಿದ. ಅಳು, ಕೂಗು. ಅಕ್ಕ "ಪ್ಯಾಕೆಟ್ ತರ್ತೇನೆ" ಎಂದು ಚಪ್ಪಲಿ ಹಾಕಿಯೇ ಬಿಟ್ಟಳು. ಆಗ ಅಪ್ಪ ಹೋಟೆಲಿನಿಂದ ಬಂದರು. ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವವರು. ಈಗ ಗಿರಾಕಿಗಳು ಫೋನ್ ತೋರಿಸಿ ಹೋಗುವುದೇ ಹೆಚ್ಚು, ಚಿಲ್ಲರೆ ಕಡಿಮೆ. ಆದರೂ ಇದ್ದ ನಾಣ್ಯಗಳನ್ನು ರಾತ್ರಿ ಹತ್ತು ಹತ್ತರ ಕಂಬ ಮಾಡಿ ನಿಲ್ಲಿಸದೆ ಅವರು ಎದ್ದು ಬಂದವರಲ್ಲ. ಪುಟ್ಟಿಗೆ ಏನನ್ನೂ ಬೋಧಿಸಲಿಲ್ಲ. ಜೇಬಿನ ಚಿಲ್ಲರೆ ತೆಗೆದು ಚಾಪೆಯ ಮೂಲೆಯಲ್ಲಿ ಎರಡು ಕಂಬ ನಿಲ್ಲಿಸಿ, ಚಹಾ ಕುಡಿಯಲು ಹೋದರು. ಪುಟ್ಟಿ ಕಂಬ ನೋಡಿದಳು, ಬೀಜ ನೋಡಿದಳು. ಹುಣಿಸೆ ಬೀಜ ಕಂಬ ನಿಲ್ಲುವುದಿಲ್ಲ, ಎರಡು ಸಲ ಉರುಳಿಸಿ ನೋಡಿದಳು. ಮೂರನೆಯ ಸಲ ಹತ್ತರ ಪುಟ್ಟ ಗುಪ್ಪೆ ಮಾಡಿದಳು. ಇನ್ನೊಂದು. ಮತ್ತೊಂದು. ಪೋರ ಬಂದು ಒಂದು ಗುಪ್ಪೆ ಕೆಡಿಸಿದರೆ ಈಗ ಹೋಗುವುದು ಹತ್ತು ಮಾತ್ರ, ಅರವತ್ತಲ್ಲ. ಈ ಮಾತನ್ನು ಅವಳು ಯಾವ ಭಾಷೆಯಲ್ಲೂ ಹೇಳಲಿಲ್ಲ, ಮುಖದಲ್ಲಿತ್ತು.

ಇಪ್ಪತ್ತಹತ್ತರ ಗಂಟೂ ಅಲ್ಲೇ ಬಿಚ್ಚಿತು. ಮೂರು ಗುಪ್ಪೆ ತೋರಿಸಿ ಅಜ್ಜಿ "ಮೂ-ವತ್ತು" ಎಂದು ಎಳೆದು ಹೇಳಿದರು. ನಾಲ್ಕನ್ನು ತೋರಿಸಿದಾಗ ಪುಟ್ಟಿಯೇ "ನಾಲ್ಕವತ್ತು" ಎಂದಳು. ಅಜ್ಜಿ ಅದನ್ನೂ ತಿದ್ದಲಿಲ್ಲ. "ಹತ್ರ ಬಂತು" ಎಂದರು.

ಹತ್ತು ಗುಪ್ಪೆ ಆದ ಮೇಲೆ ಹೊಸ ತಕರಾರು. ಅಜ್ಜಿ ಇನ್ನೊಂದು ಬೀಜ ಮುಂದಿಟ್ಟರು. ಸೊನ್ನೆಯಲ್ಲಿ ಮುಗಿಸಬಾರದು, ಶುಭಕ್ಕೆ ನೂರೊಂದು. ಮದುವೆಯ ಮುಯ್ಯಿಗೂ ನೂರೊಂದೇ ಅಲ್ಲವೆ? ಅಕ್ಕ ಹೇಳಿದಳು, ಟೀಚರ್ ನೂರೇ ಎಂದಿದ್ದಾರೆ. ಅಜ್ಜಿ ಮಹಾಭಾರತಕ್ಕೇ ಕೈ ಹಾಕಿದರು: "ಗಾಂಧಾರಿಗೂ ನೂರೊಂದೇ. ನೂರ್ ಗಂಡು, ಮೇಲೆ ದುಶ್ಶಲೆ ಒಬ್ಳು. ವ್ಯಾಸರೇ ಪಾಲು ಮಾಡಿ ತುಪ್ಪದ ಕೊಡದಲ್ಲಿಟ್ಟದ್ದು, ಅವ್ರಿಗೆ ಲೆಕ್ಕ ಬರ್ತಿರ್ಲಿಲ್ವಾ?" ಪುಟ್ಟಿಗೆ ಕತೆ ಬೇಕಾಯಿತು. ತುಪ್ಪದ ಕೊಡದೊಳಗೆ ಮಕ್ಕಳು ಹೇಗೆ ಉಸಿರಾಡಿದರು ಎಂದು ಕೇಳಿದಳು. ಕೇಳಿದ್ದು ಅರ್ಧ ಹಿಂದಿ, ಅರ್ಧ ಕನ್ನಡ. ಬಹಳ ದಿನಗಳ ಮೇಲೆ ಅಜ್ಜಿಯ ಮಾತು ಆ ಮನೆಯಲ್ಲಿ ಅರ್ಧ ಗಂಟೆ ತುಂಡಾಗದೆ ನಡೆಯಿತು.

ರಾಜಿ ಹೀಗಾಯಿತು: ಮೈದಾ ಗೋಂದಿನಲ್ಲಿ ಹತ್ತು ಸಾಲು ಹತ್ತು ಬೀಜ ರಟ್ಟಿನ ಮೇಲೆ, ನೂರೊಂದನೆಯದು ಪುಟ್ಟಿಯ ಜೇಬಿನಲ್ಲಿ. ನವಿಲಿಲ್ಲ, ಮಿಂಚಿಲ್ಲ. ನೋಡಲು ಆ ರಟ್ಟು ಬಡವಾಗಿಯೇ ಇತ್ತು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಸೋಮವಾರ ತರಗತಿಯಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಎಣಿಸಿದರಂತೆ, ಇವಳೂ ಹಾಗೆಯೇ. ಆದರೆ ಶುರು ಮಾಡಿದ್ದು "ಲಾಭ್, ಟೂ, ತ್ರೀ" ಎಂದು. ಮಕ್ಕಳು ನಕ್ಕಿದ್ದಾರೆ. ಟೀಚರ್ ಮಾತ್ರ ನಗಲಿಲ್ಲ. ತಮ್ಮ ಆಜಿಯೂ ಧಾನ್ಯ ಅಳೆಯುವಾಗ ಹೀಗೇ ಹೇಳುತ್ತಿದ್ದರು ಎಂದು ಅಕ್ಕನಿಗೆ ಹೇಳಿ ಕಳಿಸಿದರು.

ಈಗ ಚೆನ್ನೆಮಣೆ ಅಟ್ಟದಿಂದ ಇಳಿದಿದೆ. ಲಿಫ್ಟ್ ಕೆಟ್ಟ ದಿನ ಅಜ್ಜಿ, ಮೊಮ್ಮಗಳು ಮೆಟ್ಟಿಲು ಎಣಿಸಿಕೊಂಡೇ ಹತ್ತುತ್ತಾರೆ. ಮೊನ್ನೆ ಪುಟ್ಟಿ ನೂರು ದಾಟಿ ಮುಂದೆ ಹೊರಟಳು. ನೂರ ತೊಂಬತ್ತೊಂಬತ್ತರ ಮುಂದೆ ಒಂದು ಕ್ಷಣ ನಿಂತು, "ನೂರನೂರು" ಎಂದಳು. ಸರಿಯೋ ತಪ್ಪೋ ನೋಡೋಣವೆಂದು ಅಜ್ಜಿ ಬಾಟಲಿ ತಂದು ಅಲ್ಲಾಡಿಸಿದರು. ಎರಡು ನೂರಾಗುವಷ್ಟು ಬೀಜ ಇರಲಿಲ್ಲ. ಊರಿನಿಂದ ಬರುವವರ ಹತ್ತಿರ ಹೇಳಿ ಕಳಿಸಿದ್ದಾರೆ.