ತೀರ್ಥರೂಪರ ಕೈಬರಹವೂ ಹಾರ್ಡ್ ಡಿಸ್ಕೂ

ನಮ್ಮ ತೀರ್ಥರೂಪರು ಅಮರಕೋಶಕ್ಕೆ ಕನ್ನಡದಲ್ಲಿ ಬರೆದಿಟ್ಟಿದ್ದ ಟಿಪ್ಪಣಿಯು ನಾಲ್ಕು ದಪ್ಪ ಪುಸ್ತಕಗಳಷ್ಟಿತ್ತು. ಅದರಲ್ಲಿ ವನೌಷಧಿವರ್ಗದ ಭಾಗವೇ ಬಹು ಬೆಲೆಯುಳ್ಳದ್ದು. ಗಿಡಮೂಲಿಕೆಗಳ ಸಂಸ್ಕೃತನಾಮಗಳ ಎದುರಿಗೆ ನಮ್ಮ ಸೀಮೆಯ ಹೆಸರನ್ನೂ ಬೆಳೆಯುವ ಸ್ಥಳವನ್ನೂ ಅವರು ಗುರುತುಮಾಡಿದ್ದರು. ನಿರ್ಗುಂಡಿಯ ಎದುರಿಗೆ ‘ಲಕ್ಕಿ, ಕೆರೆಯ ತೂಬಿನ ಬಳಿ ಹೇರಳ’ ಎಂದಿತ್ತು. ಇಂಥದು ಅಚ್ಚಾದ ಯಾವ ಪುಸ್ತಕದಲ್ಲಿ ದೊರೆತೀತು?

ನಿವೃತ್ತರಾದ ಮೇಲೆ ನಾವು ಆ ಹಾಳೆಗಳನ್ನೆಲ್ಲ ಛಾಯಾಚಿತ್ರ ತೆಗೆದು, ೧೧೪೦ ಚಿತ್ರಗಳನ್ನು ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕೊಂದರಲ್ಲಿ ತುಂಬಿಟ್ಟೆವು; ಜಾಗ ಸಾಲದೆಂದು ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿಯೂಬಿಟ್ಟೆವು. ಮರುವರ್ಷದ ಮಳೆಗಾಲದಲ್ಲಿ ಮೂಲ ಪುಸ್ತಕಗಳಿಗೆ ಗೆದ್ದಲು ಹತ್ತಿತು. ಆಗಲೂ ನಾವು ಹೆಚ್ಚು ದುಃಖಿಸಲಿಲ್ಲ, ‘ಡಿಸ್ಕಿನಲ್ಲಿದೆಯಷ್ಟೆ’ ಎಂದುಕೊಂಡೆವು. ಎಂಥ ಅವಿವೇಕ!

ಕಳೆದ ಆಷಾಢದಲ್ಲಿ ಒಂದು ದಿನ ಡಿಸ್ಕನ್ನು ಜೋಡಿಸಲಾಗಿ, ಚಿತ್ರಗಳಿಗೆ ಬದಲಾಗಿ ‘ಫಾರ್ಮ್ಯಾಟ್ ಮಾಡದೆ ಇದನ್ನು ಬಳಸಲಾಗದು, ಮಾಡಲೇ?’ ಎಂಬ ಪ್ರಶ್ನೆ ಪರದೆಯ ಮೇಲೆ ಕಾಣಿಸಿತು. ಬೆರಳು ‘ಹೌದು’ ಎಂಬಲ್ಲಿಗೆ ಹೋಗಿದ್ದುದು ನಿಜ. ಅರ್ಥವಾಗದ ಪ್ರಶ್ನೆಗೆ ಉತ್ತರ ಕೊಡಕೂಡದೆಂದು ಮೂವತ್ತು ವರ್ಷ ಹುಡುಗರಿಗೆ ಹೇಳಿದವರಾದ್ದರಿಂದ ಹೇಗೋ ತಡೆದುಕೊಂಡು, ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿಯಿಟ್ಟಿರುವ ನಮ್ಮ ಹಳೆಯ ಶಿಷ್ಯನಲ್ಲಿಗೆ ಹೋದೆವು.

ಅವನು ಮೊದಲು ಬೇರೆ ಕೇಬಲ್ಲನ್ನೂ ಬೇರೆ ಕಂಪ್ಯೂಟರನ್ನೂ ಹಚ್ಚಿ ನೋಡಿದನು. ಎಷ್ಟೋ ವೇಳೆ ದೋಷವು ಅಷ್ಟರಲ್ಲೇ ಇರುವುದಂತೆ. ಬಳಿಕ ಡಿಸ್ಕನ್ನು ಕಿವಿಗೆ ಹಿಡಿದನು. ಒಳಗಿನ ತಟ್ಟೆಯು ನಿಮಿಷಕ್ಕೆ ೫೪೦೦ ಸುತ್ತು ತಿರುಗುತ್ತಿರಲು, ಗ್ರಾಮಫೋನಿನ ಮುಳ್ಳಿನಂಥ ಹೆಡ್ಡೊಂದು ತಟ್ಟೆಗೆ ತಾಗದೆ, ಕೂದಲೆಳೆಗಿಂತಲೂ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ತೇಲುತ್ತ ಓದುವುದು.

“ಟಿಕ್ ಟಿಕ್ ಎಂದಿದ್ದರೆ ನಾನು ಮುಟ್ಟುತ್ತಿರಲಿಲ್ಲ, ಮೇಷ್ಟ್ರೇ. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುವವರ ಬಳಿ ಕಳುಹಿಸಬೇಕಾಗುತ್ತಿತ್ತು.”

“ಹಾಳೆಗಳು ಹೋದುವೇನಪ್ಪಾ?”

“ಹಾಳೆಗಳು ಇರಬಹುದು, ವಿಷಯಾನುಕ್ರಮಣಿಕೆ ಕೆಟ್ಟಿದೆ. ನೀವು ‘ಹೌದು’ ಎಂದಿದ್ದರೆ ಅದರ ಮೇಲೆ ಬರಿಯದೊಂದನ್ನು ಬರೆದುಬಿಡುತ್ತಿತ್ತು.”

ಯಂತ್ರದಿಂದ ‘ಎಜೆಕ್ಟ್’ ಮಾಡದೆ ಕೇಬಲ್ಲನ್ನು ಕಿತ್ತುಬಿಡುವ ನಮ್ಮ ಅಭ್ಯಾಸವನ್ನು ಕೇಳಿ ಅವನು ಏನೂ ಹೇಳಲಿಲ್ಲ. ಶಿಷ್ಯನಾದವನು ಇನ್ನೇನು ಹೇಳಿಯಾನು?

ಕೆಟ್ಟ ಡಿಸ್ಕಿನ ಮೇಲೆ ಏನನ್ನೂ ಬರೆಯದೆ, ಅದರ ಪೂರ್ಣ ಪ್ರತಿಯೊಂದನ್ನು ಹೊಸ ಡಿಸ್ಕಿಗೆ ಇಳಿಸುವುದೇ ಮೊದಲ ಕೆಲಸ. ಡಿಡಿರೆಸ್ಕ್ಯೂ ಎಂಬ ಸಾಧನವು ಸುಲಭವಾಗಿ ಓದಿಬರುವ ಭಾಗವನ್ನೆಲ್ಲ ಮೊದಲು ತೆಗೆದುಕೊಂಡು, ತೊಡಕಿನ ಸ್ಥಳಗಳನ್ನು ಬಿಟ್ಟು ಮುಂದುವರಿದು, ಕೊನೆಗೆ ಅವುಗಳಿಗೆ ಹಿಂತಿರುಗುವುದು. ನಾವು ಕಾವ್ಯಪಾಠ ಮಾಡುತ್ತಿದ್ದುದೂ ಹೀಗೆಯೇ. ಎರಡು ರಾತ್ರಿ, ಒಂದು ಹಗಲು ಹಿಡಿಯಿತು. ನಮಗೆ ನಿದ್ರೆಯಿಲ್ಲ.

ಆ ಪ್ರತಿಯ ಮೇಲೆ ಅನುಕ್ರಮಣಿಕೆಯನ್ನು ಸರಿಪಡಿಸುವ ಪ್ರಯತ್ನ ಫಲಿಸಲಿಲ್ಲ. ಆಗ ಫೋಟೊರೆಕ್ ಎಂಬುದನ್ನು ಹೂಡಿದನು. ಇದು ಹೆಸರುಗಳನ್ನು ಹುಡುಕುವುದಿಲ್ಲ. ಈ ಬಗೆಯ ಛಾಯಾಚಿತ್ರಗಳೆಲ್ಲ ಒಂದೇ ಗುರುತಿನಿಂದ ಆರಂಭವಾಗುವುದರಿಂದ ಆ ಗುರುತನ್ನೇ ಅರಸುವುದು. ದಾರ ಹರಿದ ತಾಳೆಗರಿಯ ಕಟ್ಟಿನಲ್ಲಿ ‘ಶ್ರೀಗಣಾಧಿಪತಯೇ ನಮಃ’ ಎಂಬುದನ್ನು ಕಂಡು, ಇಲ್ಲಿಂದ ಬೇರೊಂದು ಗ್ರಂಥವೆಂದು ನಾವು ತಿಳಿಯುವುದಿಲ್ಲವೆ? ಸ್ಥಳದ ಮಾತೂ ಒಂದುಂಟು: ೧೯೫೬ರಲ್ಲಿ ಐ.ಬಿ.ಎಂ. ಕಂಪೆನಿಯವರು ಹೊರತಂದ ಮೊದಲನೆಯ ಡಿಸ್ಕ್ ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದು, ಸುಮಾರು ೫೦ ಲಕ್ಷ ಅಕ್ಷರಗಳು ಹಿಡಿಯುತ್ತಿದ್ದುವು. ಈಗ ನಮ್ಮ ಒಂದು ಚಿತ್ರವೇ ಹೆಚ್ಚುಕಡಮೆ ಅಷ್ಟು ಸ್ಥಳವನ್ನು ಬೇಡುವುದು.

ಚಿತ್ರಗಳು ಬಂದುವು, ನಾವು ಇಟ್ಟ ಹೆಸರುಗಳು ಬರಲಿಲ್ಲ. ತೆಗೆದ ವೇಳೆಯೇನೋ ಚಿತ್ರದೊಳಗೆ ಉಳಿದಿತ್ತು. ಆದರೆ ನಾವು ಕ್ರಮವಾಗಿ ತೆಗೆದವರಲ್ಲ, ಕೈಗೆ ಸಿಕ್ಕಿದ ಪುಸ್ತಕವನ್ನು ಬಿಸಿಲು ಕಂಡಾಗ ತೆಗೆದವರು. ತೀರ್ಥರೂಪರು ಪ್ರತಿ ಹಾಳೆಯ ಅಂಚಿನಲ್ಲೂ ಸಂಖ್ಯೆ ಬರೆದಿದ್ದರಿಂದ ಬದುಕಿದೆವು. ಮೊಮ್ಮಗಳು ಸಂಖ್ಯೆಯನ್ನು ಓದಿಹೇಳಲು ನಾವು ಹೆಸರು ಕೊಡುತ್ತ ತಿಂಗಳೊಂದನ್ನು ಕಳೆದೆವು.

೩೧ ಚಿತ್ರಗಳು ಮಾತ್ರ ಅರ್ಧದಿಂದ ಕೆಳಕ್ಕೆ ಬರಿಯ ಬೂದಿಬಣ್ಣ. ದೈವಯೋಗದಿಂದ ಅವುಗಳಲ್ಲಿ ಹೆಚ್ಚಿನವು ವನೌಷಧಿವರ್ಗದವೇ. ಬಾಲ್ಯದಲ್ಲಿ ಅವರೊಡನೆ ಕೆರೆಯಂಗಳ ಸುತ್ತಿದ ನೆನಪಿನಿಂದ ಕೆಲವನ್ನು ತುಂಬಿದೆವು. ಉಳಿದುವಕ್ಕಾಗಿ ನೆರೆಯ ಹಳ್ಳಿಯ ನಾಟಿವೈದ್ಯರೊಬ್ಬರಲ್ಲಿಗೆ ವಾರಕ್ಕೊಮ್ಮೆ ಹೋಗಿಬರುತ್ತಿದ್ದೇವೆ. ಈಗ ಮೂರು ಪ್ರತಿಗಳುಂಟು. ಒಂದು ಮಗಳ ಮನೆಯಲ್ಲಿದೆ. ೧೧ ಗಿಡಗಳ ಹೆಸರು ಇನ್ನೂ ದೊರೆತಿಲ್ಲ.